ಯಾರ ಮುಂದ ಅತ್ತೀರಿ

ಕೈಗೆ ಬಟ್ಟೆ ಸುತ್ತಿಕೊಂಡು ಚಾದರಿನ ಕೆಳಗೆ ಮೈ ತೊಳೆಯುತ್ತಿದ್ದ ಸರ್ವರಬೇಗಂ ಒಮ್ಮೆಲೇ ಕೈ ನಿಲ್ಲಿಸಿದರು. ನಗ್ಮಾ ಚೊಂಬಿನಿಂದ ನೀರು ಹೊಯ್ಯುತ್ತಲೇ ಇದ್ದಳು. ಬೋರೆ ಎಲೆ ಹಾಕಿ ಕಾಯಿಸಿದ ನೀರು ಹಲಗೆಯಿಂದ ಇಳಿದು ಹಿತ್ತಲಿನ ಫರ್ಸಿಕಲ್ಲಿನ ಮೇಲೆ ಹರಿಯುತ್ತಿತ್ತು.

"ಜರ ನಿಂದ್ರು ಬೇಟಿ," ಎಂದರು ಸರ್ವರಬೇಗಂ.

ಶಹಾಬಾದಿನ ಆ ಓಣಿಯಲ್ಲಿ ತೀರಿಹೋದ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುತ್ತ ನಲವತ್ತು ವರ್ಷ ಕಳೆದವರು ಅವರು. ತೊಳೆಯುವಾಗ ಮೈ ನೋಡುವಂತಿಲ್ಲ. ತಿಳಿಯುವುದೆಲ್ಲ ಕೈಗೆ ಮಾತ್ರ. ಆ ಕೈ ಈಗ ಜೈತುನ್ಬೀಯ ಎದೆಯ ಎಡಭಾಗದಲ್ಲಿ ನಿಂತಿತ್ತು.

"ಏನಾಯ್ತು ಖಾಲಾ?" ಚಾದರಿನ ಅಂಚು ಹಿಡಿದು ನಿಂತಿದ್ದ ಬಷೀರಾ ಕೇಳಿದಳು. ತೀರಿಹೋದವಳು ಅವಳ ಗಂಡನ ತಂಗಿ.

"ನಿನಗ ಗೊತ್ತಿಲ್ಲೇನು?"

"ಏನು?"

ಮುದುಕಿ ಉತ್ತರ ಕೊಡುವ ಮೊದಲೇ ಬಷೀರಾಳ ಕಣ್ಣು ಕೆಳಗೆ ಹೋಯಿತು. ಒದ್ದೆ ಚಾದರು ಮೈಗೆ ಅಂಟಿಕೊಂಡಿತ್ತು. ಬಲಗಡೆ ಉಬ್ಬಿದ್ದ ಬಟ್ಟೆ ಎಡಗಡೆ ಹಲಗೆಯಷ್ಟೇ ಸಪಾಟಾಗಿತ್ತು.

"ಕೊಯ್ದು ತೆಗದಾರ," ಸರ್ವರಬೇಗಂ ದನಿ ತಗ್ಗಿಸಿದರು. "ಹೊಲಿಗಿ ಕೈಗೆ ಹತ್ತಾಕತ್ತದ. ಕಂಕುಳತನಕ ಅದ. ಹಳೀ ಗಾಯ."

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಬದುಕಿದ್ದರು ಇಬ್ಬರೂ. ಒಂದೇ ಒಲೆ, ಒಂದೇ ಬಚ್ಚಲು. ತಿಂಗಳಿಂದ ಜೈತುನ್ಬೀಯ ಕಣ್ಣು, ಉಗುರು ಎಲ್ಲ ಹಳದಿಯಾದಾಗ ಅವಳು, "ಕಾಮಾಲಿ ಆಗ್ಯದ ಭಾಭಿ, ಚಿಂಚೋಳಿ ಕಡಿ ಬೇರು ಕೊಡ್ತಾರ, ಕಡಿಮ್ಯಾಗ್ತದ," ಎಂದಿದ್ದಳು. ಬೇರು ಬಂದಿತ್ತು. ಬಷೀರಾ ಅದನ್ನು ಹಾಲಿನಲ್ಲಿ ತೇಯ್ದು ಎರಡು ದಿನ ಕೊಟ್ಟಿದ್ದಳು. ಮೂರನೆಯ ದಿನ, ಇವತ್ತು ಬೆಳಿಗ್ಗೆ, ಜೈತುನ್ಬೀ ತೀರಿಕೊಂಡಿದ್ದಳು.

"ಅಮ್ಮೀ," ನಗ್ಮಾ ಚೊಂಬನ್ನು ಸೋದರತ್ತೆಯ ಕಾಲಬಳಿ ಇಟ್ಟಳು. "ಫುಪ್ಪುಗ ಕ್ಯಾನ್ಸರ್ ಇತ್ತೇನು?"

"ಸುಮ್ಕಿರು," ಬಷೀರಾ ಪರದೆಯಾಚೆಗೆ ನೋಡಿದಳು. ಹೊರಗೆ ಚಾಪೆಯ ಮೇಲೆ ವಾಡಿಯಿಂದ ಬಂದ ಹಸೀನಾಬೇಗಂ ಕುಳಿತಿದ್ದರು. ಅವರ ಮಗನ ಜೊತೆ ನಗ್ಮಾಳ ನಿಕಾಹ್ ಬರುವ ತಿಂಗಳು ಎಂದು ಮಾತಾಗಿತ್ತು. "ಅವರ ಕಿವೀಗಿ ಬಿದ್ರ ಮುಗೀತು. ರಕ್ತದಾಗ ಬ್ಯಾನಿ ಅದ ಅಂತಾರ. ಒಂದು ಮಾತೂ ಹೊರಗ ಬೀಳಬಾರ್ದು."

ನಗ್ಮಾ ತಾಯಿಯ ಮುಖ ನೋಡಿದಳು.

"ನಾ ಯಾರ ಮುಂದೂ ಹೇಳಂಗಿಲ್ಲ. ಮಯ್ಯತ್ ತೊಳಿಯೋರ ಜಿಮ್ಮಾ ಅದು," ಎಂದರು ಸರ್ವರಬೇಗಂ. "ನಿಮ್ಮದು ನಿಮಗ ಬಿಟ್ಟದ್ದು. ಹಾಕು ಬೇಟಿ, ನೀರ ಹಾಕು."

ಕಫನಿನ ಬಿಳಿ ಬಟ್ಟೆ ತೊಡಿಸುವಾಗ, ಎದೆಗೆ ಸುತ್ತುವ ಬಟ್ಟೆಯನ್ನು ಬಿಗಿಯುವ ಮೊದಲು, ಸರ್ವರಬೇಗಂ ಒಂದು ಹಿಡಿ ಹತ್ತಿಯನ್ನು ಮಡಚಿ ಎಡಗಡೆ ಇಟ್ಟರು. ಎರಡೂ ಕಡೆ ಸಮನಾಗಿ ಕಂಡವು.

* * *

ಜೈತುನ್ಬೀಯ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದೇ ಓಣಿಯವರು ತಿಳಿದಿದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ವಾಡಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಹೋದಳು. ಐದು ವರ್ಷ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಒಂದು ಟ್ರಂಕು ಹಿಡಿದುಕೊಂಡು ಅಣ್ಣ ಮುಜೀಬನ ಮನೆಗೆ ಮರಳಿದಳು. ಮುಜೀಬನದು ಮೋಟಾರು ವೈಂಡಿಂಗ್ ಅಂಗಡಿ. ತಂಗಿಗೆ ಅವನು ಹಿಂದಿನ ಕೋಣೆ ಬಿಟ್ಟುಕೊಟ್ಟ. ಮತ್ತೆಂದೂ ಅವಳ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಅವಳು ಹೊಲಿಗೆ ಹಾಕಿದಳು, ಪೋಲಿಯೊ ಹನಿ ಹಾಕಿದಳು, ಜನಗಣತಿಗೆ ಮನೆಮನೆ ಸುತ್ತಿದಳು.

ಅವಳಿಗೆ ನಲವತ್ತು ತುಂಬುವ ಹೊತ್ತಿಗೆ ಕಲಬುರಗಿಯ ಮನೋವೈದ್ಯೆ ಶೈಲಶ್ರೀ ಒಂದು ಅಧ್ಯಯನ ಶುರು ಮಾಡಿದರು. ಕ್ಯಾನ್ಸರಿಗೆ ಔಷಧ ಶುರು ಮಾಡಿದವರು ನಡುವೆಯೇ ಯಾಕೆ ಬಿಟ್ಟುಬಿಡುತ್ತಾರೆ ಎಂಬುದು ಅವರ ಪ್ರಶ್ನೆ. ಆಸ್ಪತ್ರೆ ದೂರವೆಂದೋ, ಕೈಯಲ್ಲಿ ಕಾಸಿಲ್ಲವೆಂದೋ, ಇಲ್ಲ ಮನಸ್ಸೇ ಕುಸಿದುಹೋಗಿಯೋ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಎಂಟುನೂರು ರೋಗಿಗಳನ್ನು ಕೇಳಬೇಕಿತ್ತು. ಕೇಳುವವರಲ್ಲಿ ಜೈತುನ್ಬೀಯೂ ಒಬ್ಬಳಾದಳು.

ಮೊದಲ ವಾರ ಅವಳು ಹದಿನಾರು ಜನರನ್ನು ಕಂಡಳು. ಫಾರ್ಮಿನಲ್ಲಿ ಹೀಗೆ ಬರೆದಿತ್ತು: "ಕಳೆದ ಏಳು ದಿನಗಳಲ್ಲಿ ತಮಗೆ ಉಂಟಾದ ಮಾನಸಿಕ ಯಾತನೆಯ ಪ್ರಮಾಣವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಸೂಚಿಸಿರಿ." ಹದಿನಾರು ಜನರೂ ಸೊನ್ನೆ ಎಂದರು.

ಹದಿನೇಳನೆಯವನು ಭಂಕೂರದ ಶಿವರಾಯ. ಕಲ್ಲಿನ ಖಣಿಯಲ್ಲಿ ದುಡಿಯುವವನು. ಬಾಯಿಯ ಕ್ಯಾನ್ಸರು, ಒಂದು ದವಡೆ ಬಾತು ಹೊಳೆಯುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಜೈತುನ್ಬೀ ಪ್ರಶ್ನೆಯನ್ನು ಎರಡು ಸಲ ಓದಿದಳು.

"ಸೊನ್ನಿ ಬರ್ಕೊಳ್ರಿ," ಎಂದ ಶಿವರಾಯ. "ಛಲೋ ಅದೀನ್ರಿ ನಾ."

ಅವಳು ಬರೆಯಲಿಲ್ಲ. ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದಳು. ಹೆಂಡತಿ ನೀರು ತರಲು ಒಳಗೆ ಹೋದದ್ದನ್ನು ನೋಡಿ ಮೆಲ್ಲಗೆ ಕೇಳಿದಳು:

"ಅಣ್ಣಾ, ಈ ಬ್ಯಾನಿ ಬಂದ ಮ್ಯಾಲ ನೀವು ಯಾರ ಮುಂದ ಅತ್ತೀರಿ?"

ಶಿವರಾಯ ಅವಳನ್ನೇ ನೋಡಿದ.

"ಖಣ್ಯಾಗ ಇಳಿದು ಅಳ್ತೀನ್ರಿ," ಎಂದ. "ಕಲ್ಲು ಕೊಯ್ಯೋ ಮಷೀನ್ ಚಾಲೂ ಆದ ಮ್ಯಾಲ. ಆ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲ." ದನಿ ಇನ್ನೂ ತಗ್ಗಿಸಿ, "ಔಷಧ ಬಿಡಬೇಕಂತ ಮಾಡೀನಿ. ಅಕಿಗಿ ಹೇಳಬ್ಯಾಡ್ರಿ," ಎಂದ.

ಆ ದಿನದಿಂದ ಅವಳು ಎಲ್ಲರಿಗೂ ಅದನ್ನೇ ಕೇಳಿದಳು. ತಿಂಗಳ ಕೊನೆಗೆ ಕಲಬುರಗಿಯಲ್ಲಿ ಸಭೆ ಸೇರಿದಾಗ ಅವಳ ಫಾರ್ಮುಗಳ ಹಿಂಬದಿಯೆಲ್ಲ ದುಂಡಗಿನ ಅಕ್ಷರಗಳಿಂದ ತುಂಬಿತ್ತು. ದನದ ಕೊಟ್ಟಿಗೆಯಲ್ಲಿ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ. ಸತ್ತ ತಾಯಿಯ ಫೋಟೋದ ಮುಂದೆ. ಯಾರ ಮುಂದೂ ಇಲ್ಲ. ಯಾರ ಮುಂದೂ ಇಲ್ಲ.

ವಿಶ್ವವಿದ್ಯಾಲಯದಿಂದ ಬಂದಿದ್ದವರೊಬ್ಬರು ಕನ್ನಡಕ ತೆಗೆದು, "ಪ್ರಶ್ನೆ ಬದಲಿಸಲು ಇವರಿಗೆ ಯಾರು ಹೇಳಿದರು?" ಎಂದರು. ಜೈತುನ್ಬೀ ಎದ್ದು ನಿಂತುಬಿಟ್ಟಳು. ಕೆಲಸ ಹೋಯಿತೆಂದು ಖಾತ್ರಿಯಾಗಿತ್ತು ಅವಳಿಗೆ. ಶೈಲಶ್ರೀ ಮಾತ್ರ ಒಂದೊಂದೇ ಹಾಳೆ ತಿರುವುತ್ತ ಕುಳಿತಿದ್ದರು.

"ಕುಂದ್ರಿ ಜೈತುನ್ಬೀ," ಎಂದರು ಕೊನೆಗೆ. "ಇನ್ನ ಮ್ಯಾಲ ಎಲ್ಲಾರೂ ಹಿಂಗೇ ಕೇಳ್ರಿ."

ಮೂರು ವರ್ಷದ ನಂತರ ಲೆಕ್ಕ ಹಾಕಿ ನೋಡಿದಾಗ, "ಯಾರ ಮುಂದೂ ಇಲ್ಲ" ಎಂದವರೇ ಹೆಚ್ಚಾಗಿ ಔಷಧ ಬಿಟ್ಟಿದ್ದರು. ಅಂಥವರಿಗೆ ವಾರಕ್ಕೊಮ್ಮೆ ಒಬ್ಬರು ಫೋನು ಮಾಡಿ ಮಾತಾಡಿಸುವ ವ್ಯವಸ್ಥೆ ಮಾಡಿದರು. ಬಿಟ್ಟವರಲ್ಲಿ ಅರ್ಧದಷ್ಟು ಜನ ಮರಳಿ ಬಂದರು. ಶಿವರಾಯನೂ ಬಂದ, ಆಮೇಲೆ ಆರು ವರ್ಷ ಬದುಕಿದ. ಶೈಲಶ್ರೀಯವರ ಪ್ರಬಂಧ ದೂರದೂರಕ್ಕೆ ಹೋಯಿತು. ಬೇರೆ ರಾಜ್ಯಗಳ ಆಸ್ಪತ್ರೆಗಳು ತಮ್ಮ ತಮ್ಮ ಭಾಷೆಯಲ್ಲಿ ಆ ಪ್ರಶ್ನೆಯನ್ನು ಕೇಳತೊಡಗಿದವು. ಪ್ರಬಂಧದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಜೈತುನ್ಬೀಯ ಹೆಸರಿತ್ತು. ಮನೆಯಲ್ಲಿ ಅವಳು ಅದನ್ನು ಯಾರಿಗೂ ತೋರಿಸಲಿಲ್ಲ. ಯಾರೂ ಕೇಳಿರಲೂ ಇಲ್ಲ.

* * *

ಗಂಡಸರು ಬಂದು ಶವವಿಟ್ಟ ಡೋಲಾ ಎತ್ತುವ ಹೊತ್ತಿಗೆ ಬೀದಿಯ ತುದಿಯಲ್ಲಿ ಒಂದು ಕಾರು ನಿಂತಿತು. ಬಿಳಿ ಸೀರೆಯ, ನರೆಗೂದಲಿನ ಹೆಂಗಸೊಬ್ಬರು ಇಳಿದು ಓಡುವಂತೆ ನಡೆದು ಬಂದರು. ಬೆಳಿಗ್ಗೆ ಜೈತುನ್ಬೀಯ ಫೋನಿಗೆ ಅವರ ಕರೆ ಬಂದಾಗ ಎತ್ತಿದವಳು ನಗ್ಮಾ. ಈಗ ಅವಳೇ ಕೈ ಹಿಡಿದು ಕರೆತಂದಳು.

"ಶೈಲಶ್ರೀ ಮೇಡಂ," ಎಂದಳು ತಾಯಿಗೆ. "ಫುಪ್ಪು ಯಾರ ಕಡಿ ಕೆಲಸ ಮಾಡ್ತಿದ್ರಲ್ಲ, ಅವರು."

ಸರ್ವರಬೇಗಂ ಜೈತುನ್ಬೀಯ ಮುಖದ ಮೇಲಿನ ಬಟ್ಟೆ ಸರಿಸಿದರು. ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಗಂಡಸರು ಡೋಲಾಕ್ಕೆ ಹೆಗಲು ಕೊಟ್ಟರು. ಹೆಂಗಸರು ಹೊಸ್ತಿಲಲ್ಲಿ ನಿಂತರು. ಮುಂದೆ ಹೋಗುವಂತಿರಲಿಲ್ಲ. ಮುಜೀಬ ಮುಂದಿನ ಎಡ ಹೆಗಲು ಹಿಡಿದಿದ್ದ. ತಂಗಿಯನ್ನು ಅವನು ಕೊನೆಯ ಸಲ ಮಾತಾಡಿಸಿದ್ದು ಯಾವಾಗ ಎಂದು ಬಷೀರಾ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಓಣಿಯ ತಿರುವಿನಲ್ಲಿ ಡೋಲಾ ಮರೆಯಾದ ಮೇಲೆ ಡಾಕ್ಟರು ಅವಳ ಕಡೆ ತಿರುಗಿದರು.

"ಬಷೀರಾ ಭಾಭಿ ನೀವೇ ಏನ್ರಿ?"

"ಹೌದ್ರಿ."

ಡಾಕ್ಟರು ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿದ್ದವು. "ಜರ ಒಳಗ ಕುಂತು ಮಾತಾಡೋಣೇನ್ರಿ?"

* * *

ಹಿಂದಿನ ಕೋಣೆಯಲ್ಲಿ ಜೈತುನ್ಬೀಯ ಮಂಚವಿತ್ತು. ಬಷೀರಾ ಡಾಕ್ಟರನ್ನು ಅಲ್ಲಿಯೇ ಕೂಡಿಸಿ ತಾನು ಟ್ರಂಕಿನ ಮೇಲೆ ಕುಳಿತಳು.

"ನಿಮ್ಮನ್ನ ನೋಡಬೇಕಂತ ಮೂರು ವರ್ಷದಿಂದ ಅಂದ್ಕೊಂಡೀನಿ," ಎಂದರು ಡಾಕ್ಟರು. "ಆಪರೇಷನ್ ಆದಾಗ ನೀವು ಮಾಡಿದ್ದು ಒಂದಾ ಎರಡಾ. ಹದಿನೈದು ದಿನ ನೀವೇ ಪಟ್ಟಿ ಬದಲ್ ಮಾಡಿದ್ರಂತ. ಎದ್ದು ಕೂಡಾಕ ಆಗ್ತಿರ್ಲಿಲ್ಲಂತ ತುತ್ತು ಮಾಡಿ ತಿನ್ನಿಸಿದ್ರಂತ. ಕೂದಲು ಉದುರಿದಾಗ ನಿಮ್ಮ ಹಸಿರು ದುಪಟ್ಟಾನೇ ತಂದು ತಲೀಗಿ ಸುತ್ತಿದ್ರಂತ. ಎಲ್ಲಾ ಹೇಳ್ಯಾರ ನನಗ."

ಬಷೀರಾ ಅಲುಗಾಡದೆ ಕುಳಿತಿದ್ದಳು.

ಮೂರು ವರ್ಷದ ಹಿಂದೆ ಜೈತುನ್ಬೀ ಹೈದರಾಬಾದಿನಲ್ಲಿ ಟ್ರೇನಿಂಗ್ ಇದೆ ಎಂದು ಹನ್ನೆರಡು ದಿನ ಹೋಗಿದ್ದಳು. ಮರಳಿ ಬಂದವಳು ಬೆನ್ನು ನೋವೆಂದು ಮಲಗಿದಳು. ನಲ್ಲಿಯ ಹತ್ತಿರ ಕೊಡ ಎತ್ತಲು ಹೋಗಿ ಕೈಬಿಟ್ಟಳು. ಕೊಡ ಉರುಳಿ ನೀರೆಲ್ಲ ಬೀದಿಗೆ ಹರಿಯಿತು. ಸುತ್ತ ನಿಂತ ಹೆಂಗಸರ ಮುಂದೆಯೇ ಬಷೀರಾ, "ಒಂದು ಕೊಡ ನೀರ ಎತ್ತಾಕ ಆಗಂಗಿಲ್ಲ, ಊರೂರು ತಿರುಗಾಕ ಮಾತ್ರ ಕಾಲಾಗ ಜೋರದ," ಎಂದಿದ್ದಳು. ಜೈತುನ್ಬೀ ಬಲಗೈಯಿಂದ ಕೊಡ ನೆಟ್ಟಗೆ ಮಾಡಿ, "ತಪ್ಪಾಯ್ತು ಭಾಭಿ," ಎಂದಿದ್ದಳು.

ಅದಾದ ಎರಡು ತಿಂಗಳಿಗೆ ಕೂದಲು ಉದುರಿತು. ಟೈಫಾಯ್ಡ್ ಆಗಿ ಹೋಗಿದೆ ಎಂದಳು. ಬಷೀರಾ ನಂಬಿದಳು. ಅಥವಾ, ಈಗ ಟ್ರಂಕಿನ ಮೇಲೆ ಕುಳಿತು ಅವಳಿಗೆ ಅನ್ನಿಸಿದ್ದು, ನಂಬುವುದು ಸುಲಭವಾಗಿತ್ತು. ಜೈತುನ್ಬೀ ಒಂದು ದಿನ, "ಭಾಭಿ, ನಿಮ್ಮ ಹಸಿರು ದುಪಟ್ಟಾ ಮೆತ್ತಗದ, ಕೊಡ್ತೀರೇನು?" ಎಂದು ಕೇಳಿದ್ದಳು. "ಈ ವಯಸ್ಸಿನಾಗ ನಿನಗ ಹಸಿರು ಯಾಕ?" ಎಂದು ಬಷೀರಾ ನಕ್ಕಿದ್ದಳು. ಕೊಟ್ಟಿರಲಿಲ್ಲ.

"ಅವರೂ ನಮ್ಮ ಅಧ್ಯಯನದಾಗ ಸೇರಿದ್ರು," ಡಾಕ್ಟರು ಮಾತು ಮುಂದುವರಿಸಿದ್ದರು. "ಕೇಳೋರೇ ರೋಗಿ ಆದ್ರು. ತಮ್ಮ ಫಾರ್ಮು ತಾವೇ ತುಂಬಿದ್ರು. 'ಯಾರ ಮುಂದ ಅತ್ತೀರಿ' ಅನ್ನೋ ಕಡಿ 'ಭಾಭಿ ಮುಂದ' ಅಂತ ಬರದಾರ. ಹೆಸರು ಹೇಳಂಗಿಲ್ಲ ನಾವು, ಆದ್ರ ಎಲ್ಲಿ ಹೋದ್ರೂ ನಾ ಈ ಭಾಭಿ ಕತಿ ಹೇಳ್ತೀನಿ. ಮನ್ಯಾಗ ಇಂಥವರು ಒಬ್ಬರಿದ್ರ ಸಾಕು ಅಂತ."

ಹೊರಗೆ ಯಾರೋ ಕುರ್‌ಆನ್ ಓದುತ್ತಿದ್ದರು. ಬಷೀರಾಳಿಗೆ ಡಾಕ್ಟರು ಹೇಳಿದ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು, ತನ್ನದೇ ಹೆಸರಿನ ಆ ಭಾಭಿಯ ಮೇಲೆ. ಒಂದು ಗಳಿಗೆ, ಒಂದೇ ಗಳಿಗೆ, ಹೌದೆಂದು ತಲೆಯಾಡಿಸಿಯೂ ಬಿಟ್ಟಳು.

"ಬ್ಯಾನಿ ತಿರುಗಿ ಬಂದು ಯಕೃತ್ತಿಗೆ ಹಬ್ಬಿದಾಗೂ ಅಷ್ಟೇ. 'ಮನ್ಯಾಗ ಎಲ್ಲಾರೂ ಕುಂತು ಮಾತಾಡೀವ್ರಿ, ಇನ್ನ ಔಷಧ ಬ್ಯಾಡ' ಅಂದ್ರು. 'ನಗ್ಮಾನ ಮದುವಿ ಆಗೋತನಕ ಮನಿಯಿಂದ ಹೊರಗ ಹೋಗಬಾರ್ದು ಈ ಮಾತು' ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ರು." ಡಾಕ್ಟರು ಕಣ್ಣೊರೆಸಿಕೊಂಡರು. "ಅದಿರ್ಲಿ. ಅವರ ತಾಯಿಗೂ ಇದೇ ಆಗಿತ್ತಂತ. ಅದಕ್ಕ ನಗ್ಮಾಗ ತಪಾಸಣಿ ಮಾಡಿಸ್ರಿ ಅಂತ ಹೇಳಿದ್ದೆ. ವರ್ಷಾ ವರ್ಷಾ ಭಾಭಿನೇ ಕರ್ಕೊಂಡು ಹೋಗ್ತಾರ ಅಂದಿದ್ರು. ಈ ವರ್ಷದ್ದು ಆಯ್ತೇನ್ರಿ?"

ಬಷೀರಾಳಿಗೆ ಅತ್ತೆ ನೆನಪಾದರು. ಎದೆಗೆ ಬೇವಿನ ಸೊಪ್ಪು ಅರೆದು ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ. ಆಗ ತಾನು ಹೊಸ ಸೊಸೆ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

"ಇಲ್ರಿ," ಎಂದಳು.

"ಈ ವರ್ಷ ಆಗಿಲ್ಲ?"

"ಯಾವ ವರ್ಷಾನೂ ಆಗಿಲ್ಲ. ಸುಳ್ಳದ್ರಿ ಅದೆಲ್ಲಾ." ಅವಳ ದನಿ ತನ್ನದಲ್ಲವೆಂಬಂತೆ ಗಟ್ಟಿಯಾಗಿ ಬಂತು. "ನಾ ಪಟ್ಟಿ ಕಟ್ಟಿಲ್ಲ. ತುತ್ತು ತಿನ್ನಿಸಿಲ್ಲ. ದುಪಟ್ಟಾ ಕೇಳಿದ್ಲು, ಕೊಟ್ಟಿಲ್ಲ. ಅಕಿ ನನ್ನ ಮುಂದ ಒಂದು ಹನಿ ಕಣ್ಣೀರ ಹಾಕಿಲ್ರಿ. ಅಕಿಗಿ ಆಪರೇಷನ್ ಆಗ್ಯದ ಅಂತ ನನಗ ಗೊತ್ತಾಗಿದ್ದು ಇವತ್ತು, ಮಯ್ಯತ್ ತೊಳಿಯೋ ಮುಂದ."

ಡಾಕ್ಟರು ಮಂಚದ ಅಂಚನ್ನು ಕೈಯಿಂದ ಹಿಡಿದುಕೊಂಡರು.

"ಅಂದ್ರ..." ಎಂದರು. "ವಾರಾ ವಾರಾ ಎಲ್ಲಾರಿಗೂ ಫೋನ್ ಮಾಡ್ತೀವ್ರಿ. ಅವರಿಗಿ ಹಚ್ಚಲಿಲ್ಲ. 'ಭಾಭಿ ಮುಂದ' ಅಂತ ಬರದಿದ್ರಲ್ಲ, ಬೇಕಾಗಿಲ್ಲ ಅಂತ ಬಿಟ್ಟೆ. ಕೆಲಸದ ಮಾತಿಗೆ ಅಷ್ಟೇ ಫೋನ್ ಮಾಡ್ತಿದ್ದೆ ನಾ. ಇವತ್ತೂ ಅದಕ್ಕೇ ಮಾಡಿದ್ದೆ."

ಇಬ್ಬರು ಹೆಂಗಸರೂ ಎದುರುಬದುರು ಕುಳಿತಿದ್ದರು. ಗೋಡೆಯ ಮೊಳೆಗೆ ಜೈತುನ್ಬೀಯ ಕೆಲಸದ ಚೀಲ ತೂಗುಹಾಕಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

ಬಷೀರಾ ಎದ್ದು ಬಾಗಿಲು ತೆಗೆದಳು. "ನಗ್ಮಾ, ಇಲ್ಲಿ ಬಾ," ಎಂದು ಕರೆದಳು. ನಗ್ಮಾ ಬಂದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಇಕಿಗಿ ನೋಡ್ರಿ ಮೇಡಂ. ಏನು ನೋಡಬೇಕು, ಹ್ಯಾಂಗ ನೋಡಬೇಕು, ಎಲ್ಲಾ ಹೇಳಿಕೊಡ್ರಿ. ಮುಂದ ದವಾಖಾನಿಗಿ ನಾನೇ ಕರ್ಕೊಂಡು ಬರ್ತೀನಿ."

"ಇವತ್ತೇ?" ಎಂದರು ಡಾಕ್ಟರು. "ಜನಾ ಅದಾರ ಹೊರಗ. ನಾಳಿ ಬಂದ್ರೂ ನಡೀತದ."

"ಇವತ್ತೇ ನೋಡ್ರಿ. ನಾಳಿ ಮತ್ತ ನನಗ ಧೈರ್ಯ ಆಗ್ತದೋ ಇಲ್ಲೋ."

ಅವಳು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಆ ಬಾಗಿಲಿನ ಒಳಗಿನ ಚಿಲಕ ಮುರಿದು ಎಷ್ಟೋ ವರ್ಷವಾಗಿತ್ತು. ಮುಜೀಬನಿಗೆ ಹೇಳಿ ಕೂಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬಷೀರಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಹಸೀನಾಬೇಗಂ ಚಾಪೆಯಿಂದ ಎದ್ದು ಬಂದರು. "ಒಳಗ ಯಾರದಾರ? ನಗ್ಮಾ ಎಲ್ಲಿ? ನಮಗ ಗಾಡಿ ಟೈಮ್ ಆಯ್ತು, ಹೇಳಿ ಹೋಗಬೇಕಂತ ಮಾಡೀನಿ."

"ಡಾಕ್ಟರ್ ಅದಾರ. ನಗ್ಮಾಗ ನೋಡಾಕತ್ತಾರ."

"ಏನಾಗ್ಯದ ಹುಡುಗಿಗಿ?"

"ಏನಾಗಿಲ್ಲ. ಆಗಬಾರ್ದಂತ ನೋಡಾಕತ್ತಾರ." ಬಷೀರಾ ಉಸಿರು ಎಳೆದುಕೊಂಡಳು. "ಜೈತುನ್ಬೀಗ ಕಾಮಾಲಿ ಆಗಿರ್ಲಿಲ್ಲ. ಕ್ಯಾನ್ಸರ್ ಇತ್ತು, ಎದೀಗಿ. ನಮ್ಮ ಅತ್ತಿಗೂ ಅದೇ."

ಅಂಗಳದಲ್ಲಿ ಓದು ನಿಂತಿತು. ಸರ್ವರಬೇಗಂ ತಲೆ ಎತ್ತಿ ಬಷೀರಾಳನ್ನು ನೋಡಿ ಮತ್ತೆ ತಲೆ ತಗ್ಗಿಸಿದರು.

"ಯಾವಾಗಿನಿಂದ?" ಹಸೀನಾಬೇಗಂ ಕೇಳಿದರು.

"ಮೂರು ವರ್ಷ."

"ನಮಗ ಯಾಕ ಹೇಳ್ಲಿಲ್ಲ ನೀವು?"

"ನನಗೂ ಗೊತ್ತಿರ್ಲಿಲ್ಲ," ಎಂದಳು ಬಷೀರಾ. ಮತ್ತೆ, "ಗೊತ್ತಿರಬೇಕಿತ್ತು," ಎಂದಳು.

ಹಸೀನಾಬೇಗಂ ಅಲ್ಲಿಯೇ ನಿಂತರು. ಆಮೇಲೆ ಬುರ್ಖಾದ ನಕಾಬು ಇಳಿಸಿಕೊಂಡು, ಅಂಗಳ ದಾಟಿ, ಹೊಸ್ತಿಲಿನ ಚಪ್ಪಲಿಗಳ ನಡುವೆ ತಮ್ಮವನ್ನು ಹುಡುಕತೊಡಗಿದರು. ಸಲಾಂ ಹೇಳಲಿಲ್ಲ. ಬಷೀರಾ ತಡೆಯಲಿಲ್ಲ.

ಅವರು ಹೊರಬಿದ್ದ ಬಾಗಿಲಿನಿಂದಲೇ ಖಬರಸ್ತಾನದಿಂದ ಗಂಡಸರು ಮರಳಿ ಬಂದರು. ಮುಜೀಬನ ಮೊಣಕಾಲತನಕ ಮಣ್ಣು ಮೆತ್ತಿತ್ತು. ಬೀಗರು ಯಾಕೆ ಹೇಳದೆ ಹೊರಟರೆಂದು ಅವನು ಬೀದಿಯ ಕಡೆ ತಿರುಗಿ ನೋಡಿದ. ಆಮೇಲೆ ಕೈಕಾಲು ತೊಳೆಯಲು ಹಿತ್ತಲಿಗೆ ಹೊರಟವನು ಹಿಂದಿನ ಕೋಣೆಯ ಮುಂದೆ ಹೆಂಡತಿಯನ್ನು ಕಂಡು ನಿಂತ.

"ನೀರ ಕೊಡು ಬಷೀರಾ. ಯಾಕ ಹಿಂಗ ನಿಂತೀ? ಬಾಜೂಕ ಸರಿ, ನನ್ನ ಟವೆಲ್ ಒಳಗದ."

ಒಳಗಿನಿಂದ ಡಾಕ್ಟರ ದನಿ ಸಣ್ಣಗೆ ಕೇಳುತ್ತಿತ್ತು: "ಮೂರು ಬೆರಳು ಕೂಡಿಸಿ ಇಡಮ್ಮಾ. ಹಿಂಗ, ಸುತ್ತ. ಗಾಬರಿ ಆಗಬ್ಯಾಡ."

ಬಷೀರಾ ಎರಡೂ ಕೈಗಳನ್ನು ಚಾಚಿ ಬಾಗಿಲಿನ ಚೌಕಟ್ಟನ್ನು ಎರಡೂ ಬದಿ ಹಿಡಿದುಕೊಂಡಳು. ಗಂಡ ಇನ್ನೊಮ್ಮೆ ಪಕ್ಕಕ್ಕೆ ಸರಿಯೆಂದ. ಅವಳು ಬೆರಳ ಗಿಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು ಹಾಗೆಯೇ ನಿಂತಿದ್ದಳು.